ಕೆರೆಯನ್ನು ಸಮುದ್ರವೆಂದವರ ಗುಡಿ

ಸಮುದ್ರತೀರದ ದೇವಸ್ಥಾನವೆಂದ ಕೂಡಲೇ ನಮ್ಮ ನೆನಪು ಗೋಕರ್ಣಕ್ಕೆ ಹೋಗುತ್ತದೆ, ಇಲ್ಲವೇ ರಾಮೇಶ್ವರಕ್ಕೆ. ಘಟ್ಟದ ಕೆಳಗಿನವರಿಗೆ ಕಡಲು ದೇವರು ಕೊಟ್ಟದ್ದು. ಘಟ್ಟದ ಮೇಲಿನವರು ತಮ್ಮ ಸಮುದ್ರವನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಎರಡು ದಿಣ್ಣೆಗಳ ನಡುವೆ ಏರಿ ಹಾಕಿ, ಮಳೆಗಾಲದ ನೀರನ್ನು ತಡೆದು ನಿಲ್ಲಿಸಿ, ಅದಕ್ಕೆ ‘ಸಮುದ್ರ’ವೆಂದು ಹೆಸರಿಟ್ಟರು. ಇದನ್ನು ಬರಿಯ ಬಡಾಯಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಆಕಾಶ ನೋಡಿಕೊಂಡು ಬೇಸಾಯ ಮಾಡುವ ಜನಕ್ಕೆ ತುಂಬಿದ ಕೆರೆ ಯಾವ ಸಮುದ್ರಕ್ಕೂ ಕಡಮೆಯದಲ್ಲ. ಆ ಹೆಸರಿನಲ್ಲಿ ಹೆಮ್ಮೆಯೂ ಇದೆ, ಹರಕೆಯೂ ಇದೆ.

ಹೊಯ್ಸಳರ ರಾಜಧಾನಿಗೆ ಇಂಥ ಒಂದು ಕೆರೆಯ ಹೆಸರೇ ನಿಂತಿತು: ದೋರಸಮುದ್ರ. ಇಂದಿನ ಹಳೇಬೀಡು ಅದೇ. ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರು ಯಗಚಿ ಹೊಳೆಯ ದಡದ ಊರು. ಸಂಸ್ಕೃತದಲ್ಲಿ ಅದನ್ನು ವೇಲಾಪುರವೆಂದು ಬರೆದರು. ‘ವೇಲಾ’ ಎಂದರೆ ಕಡಲ ದಡವೆಂಬ ಅರ್ಥವೂ ಉಂಟು. ಇನ್ನು ಅರಸೀಕೆರೆ, ಅದು ಹೆಸರೇ ಹೇಳುವಂತೆ ಅರಸಿಯ ಕೆರೆ. ಹಾಸನ ಜಿಲ್ಲೆಯ ಈ ಮೂರು ಊರುಗಳ ಹೆಸರಿನಲ್ಲೂ ನೀರಿನ ಸದ್ದಿದೆ. ಈ ಮೂರು ಊರುಗಳ ಗುಡಿಗಳ ಬಗೆಗೆ ನಾವು ಬರೆದಿರುವುದರಲ್ಲಿ ಮಾತ್ರ ನೀರು ಕಾಣುವುದಿಲ್ಲ. ಕಾಣದಿರುವುದು ನೀರೊಂದೇ ಅಲ್ಲ. ಇಡಿಯ ಗುಡಿಯೇ ಕಾಣದಾಗಿದೆಯೆಂಬುದು ನನ್ನ ಆಕ್ಷೇಪ. ಈ ಲೇಖನ ಪ್ರವಾಸದ ವರ್ಣನೆಯಲ್ಲ. ನಾವು ಈ ಗುಡಿಗಳನ್ನು ನೋಡುವ ರೀತಿ, ಹಾಡುವ ರೀತಿ, ಹೊಗಳುವ ರೀತಿ, ಇವುಗಳನ್ನು ಕುರಿತ ವಿಚಾರ.

ನಾನು ಈ ಮೂರೂ ಊರುಗಳಿಗೆ ಹಲವು ಸಲ ಹೋಗಿಬಂದಿದ್ದೇನೆ. ಒಬ್ಬನೇ ಹೋದದ್ದುಂಟು, ಮನೆಮಂದಿಯೊಡನೆ ಹೋದದ್ದೂ ಉಂಟು. ಪ್ರತಿ ಸಲವೂ ಒಂದು ಸಂಗತಿಯನ್ನು ಗಮನಿಸಿದ್ದೇನೆ. ಬೇಲೂರಿನಲ್ಲಿ ಜನ ನಿಲ್ಲುವುದು ಕನ್ನಡಿ ಹಿಡಿದ ಸುಂದರಿಯ ಮುಂದೆ, ಗಿಣಿಯೊಡನೆ ಮಾತನಾಡುವವಳ ಮುಂದೆ, ಹಣ್ಣಿನ ಮೇಲಿನ ನೊಣವನ್ನು ಹಿಡಿಯಹೊರಟ ಹಲ್ಲಿಯ ಮುಂದೆ. ಒಳಗೆ ಹೋದರೆ ಮದನಿಕೆಯ ಕೈಯಲ್ಲಿ ತಿರುಗುವ ಬಳೆ. ಹೊರಗೆ ಬಂದರೆ ತನ್ನ ಭಾರದಿಂದಲೇ ನಿಂತಿರುವ ದೀಪದ ಕಂಬ, ಅದರ ಬುಡದಲ್ಲಿ ತೂರಿಸಿ ಎಳೆದು ತೋರಿಸುವ ಕಾಗದದ ಚೂರು. ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ನೋಡಿದವರಿಗೆ ತೃಪ್ತಿಯೂ ಆಯಿತು. ಆದರೆ ಗುಡಿ ಯಾವ ಆಕಾರದ್ದು, ಎಲ್ಲಿ ಬೆಳಕು ಮುಗಿದು ಎಲ್ಲಿ ಕತ್ತಲೆ ತೊಡಗುತ್ತದೆ, ಬಾಗಿಲಿನಿಂದ ಗರ್ಭಗುಡಿಯವರೆಗೆ ತಾನು ಯಾವ ಕ್ರಮದಲ್ಲಿ ನಡೆದೆ ಎಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಸಾಹಿತ್ಯದಲ್ಲಿ ಇಂಥ ಓದನ್ನು ನಾವು ಒಪ್ಪುವುದಿಲ್ಲ. ಒಂದು ಚಂಪೂಕಾವ್ಯದಿಂದ ಹತ್ತು ಸೊಗಸಾದ ವೃತ್ತಗಳನ್ನು ಆರಿಸಿ ಬಾಯಿಪಾಠ ಮಾಡಿದವನು ಕಾವ್ಯವನ್ನು ಓದಿದನೆಂದು ಯಾವ ವಿಮರ್ಶಕನೂ ಹೇಳಲಾರ. ಬಿಡಿ ಪದ್ಯದ ಚೆಲುವು ಬೇರೆ, ಪ್ರಬಂಧದ ಚೆಲುವು ಬೇರೆ. ಔಚಿತ್ಯವೆಂಬುದು ಇಡಿಯ ಕೃತಿಯ ಗುಣ. ಭಾಗವು ಸಮಗ್ರಕ್ಕೆ ಹೇಗೆ ಹೊಂದಿದೆಯೆಂಬುದರಲ್ಲಿ ಅದರ ನೆಲೆ. ಪದ್ಯಕ್ಕೆ ಅನ್ವಯಿಸುವ ಈ ನ್ಯಾಯವನ್ನು ಕಲ್ಲಿಗೆ ಏಕೆ ಅನ್ವಯಿಸುವುದಿಲ್ಲ?

ಬೇಲೂರಿನ ಮದನಿಕೆಯರನ್ನೇ ತೆಗೆದುಕೊಳ್ಳೋಣ. ಹೊರಗೆ 38, ಒಳಗೆ 4, ಒಟ್ಟು 42. ಇವರನ್ನು ಇಂದಿನ ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದವರಲ್ಲಿ ಡಿ.ವಿ.ಜಿ. ಅವರು ಪ್ರಮುಖರು. ಅವರ ‘ಅಂತಃಪುರಗೀತೆ’ ಈ ವಿಗ್ರಹಗಳನ್ನು ಕುರಿತ ಹಾಡುಗಳ ಗುಚ್ಛ. ಆ ಹಾಡುಗಳ ಸೊಗಸನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕೃತಿಯ ಹೆಸರನ್ನೇ ಒಮ್ಮೆ ಗಮನಿಸಬೇಕು. ಈ ಸ್ತ್ರೀಯರು ಒಳಗಿರುವ ಚೆನ್ನಕೇಶವನ ಅಂತಃಪುರದವರು ಎಂಬ ಭಾವನೆಯೇ ಆ ಕೃತಿಯ ಆಧಾರ. ಎಂದರೆ ಅವರ ಒನಪು, ವಯ್ಯಾರ, ಮುನಿಸು ಎಲ್ಲಕ್ಕೂ ಒಂದು ಕೇಂದ್ರವಿದೆ; ಆ ಕೇಂದ್ರ ಗರ್ಭಗುಡಿಯಲ್ಲಿದೆ. ಕವಿ ಹೊರಗೋಡೆಯಿಂದ ಒಳಕ್ಕೆ ಒಂದು ದಾರಿ ಹಾಕಿಕೊಟ್ಟರು. ಹಾಡಿದವರೂ ಕೇಳಿದವರೂ ಆ ದಾರಿಯನ್ನು ಮರೆತು ಹೊರಗಿನ ಸುಂದರಿಯರನ್ನಷ್ಟೇ ಉಳಿಸಿಕೊಂಡರು. ದೋಷ ಗೀತೆಯದಲ್ಲ, ರಸಿಕರದು.

ಶಿಲ್ಪಿಯ ದೃಷ್ಟಿಯಿಂದ ನೋಡಿದರೂ ಇದೇ ಮಾತು ಬರುತ್ತದೆ. ಮದನಿಕೆಯರು ನಿಂತಿರುವುದು ಗೋಡೆಗೂ ಚಾಚಿದ ಸೂರಿಗೂ ನಡುವೆ, ಓರೆಯಾಗಿ. ಸೂರಿನ ಭಾರವನ್ನು ಅವರು ಹೊತ್ತಿದ್ದಾರೆಯೋ ಎಂಬಂತೆ ತೋರುತ್ತದೆ. ಕೆಳಗೆ ನಿಂತು ತಲೆಯೆತ್ತಿದವನ ಕಡೆಗೆ ಅವರು ಬಾಗಿ ನೋಡುತ್ತಾರೆ. ಸೂರಿನ ನೆರಳು ಮುಖದ ಮೇಲೆ ಬಿದ್ದು ಹೊತ್ತು ಕಳೆದಂತೆ ಜರುಗುತ್ತದೆ. ಕ್ಯಾಲೆಂಡರಿನ ಚಿತ್ರದಲ್ಲಿ, ಅಂಗಡಿಯಲ್ಲಿ ಮಾರುವ ಗಂಧದ ಗೊಂಬೆಯಲ್ಲಿ, ಆ ಓರೆಯೂ ಇಲ್ಲ, ಆ ನೆರಳೂ ಇಲ್ಲ. ಅವಳನ್ನು ನೆಟ್ಟಗೆ ನಿಲ್ಲಿಸಿ, ಸುತ್ತಲಿನ ಕಲ್ಲನ್ನು ಕತ್ತರಿಸಿ ತೆಗೆದಾಗ ನಮಗೆ ಸಿಕ್ಕುವುದು ಒಂದು ಅಲಂಕಾರದ ವಸ್ತು ಮಾತ್ರ.

ಭಾಗವನ್ನು ಸಮಗ್ರದಿಂದ ಕಿತ್ತು ನೋಡುವ ಈ ಅಭ್ಯಾಸ, ಕೃತಿಯನ್ನು ಕರ್ತೃವಿನಿಂದಲೂ ಕಿತ್ತಿದೆ. ಬೇಲೂರೆಂದರೆ ಜಕಣಾಚಾರಿ. ಅವನ ಕಥೆ ನಮಗೆಲ್ಲ ಗೊತ್ತು: ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ, ಕಪ್ಪೆ ಚೆನ್ನಿಗರಾಯ. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರವೂ ಬಂದಿತು. ಶಿಲ್ಪಿಗಳಿಗೆ ಸರ್ಕಾರ ಕೊಡುವ ಪ್ರಶಸ್ತಿಯೂ ಅವನ ಹೆಸರಿನಲ್ಲಿದೆ. ಕಥೆ ಚೆನ್ನಾಗಿಯೇ ಇದೆ. ಆದರೆ ಬೇಲೂರಿನ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕಲ್ಲಿನಲ್ಲಿ ಕೆತ್ತಿಟ್ಟು ಹೋಗಿದ್ದಾರೆ; ಆ ಹೆಸರುಗಳಲ್ಲಿ ಜಕಣಾಚಾರಿ ಇಲ್ಲ. ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಮದನಿಕೆಯರ ಪೀಠದಲ್ಲಿ ತಮ್ಮ ಊರನ್ನೂ ಬಿರುದನ್ನೂ ಸೇರಿಸಿ ಬರೆದುಕೊಂಡಿದ್ದಾರೆ. ಶಿಲ್ಪಿಯ ಹೆಸರು ತಿಳಿಯದ ಗುಡಿಗಳೇ ಹೆಚ್ಚಾಗಿರುವ ಈ ದೇಶದಲ್ಲಿ, ಅಪ್ಪ ಮಗ ಇಬ್ಬರೂ ಸಹಿ ಮಾಡಿದ ಕೆಲಸವಿದು. ನಾವು ಆ ಸಹಿಯನ್ನು ಓದದೆ, ಅಪ್ಪ ಮಗನ ಬೇರೊಂದು ಕಥೆಯನ್ನು ಹೇಳಿಕೊಂಡು ಬಂದೆವು.

ಇದನ್ನು ಓದಿದವರು ಇರಲಿಲ್ಲವೆಂದಲ್ಲ. ‘ಕರ್ಣಾಟಕ ಕವಿಚರಿತೆ’ಯನ್ನು ಬರೆದ ಆರ್. ನರಸಿಂಹಾಚಾರ್ಯರೇ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದರು. 1919ರಲ್ಲಿ ಅವರು ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಒಂದು ಪುಸ್ತಕವನ್ನು ಹೊರತಂದರು. ಮರೆತುಹೋಗಿದ್ದ ಕವಿಗಳ ಹೆಸರುಗಳನ್ನು ಓಲೆಗರಿಗಳಿಂದ ಹೆಕ್ಕಿದ ಪಂಡಿತರೇ ಗುಡಿಗಳ ಶಿಲ್ಪಿಗಳನ್ನೂ ಶಾಸನಗಳನ್ನೂ ಹುಡುಕಿ ಬರೆದಿಟ್ಟರೆಂಬುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಅವರಿಗೆ ಕವಿ ಬೇರೆ, ಶಿಲ್ಪಿ ಬೇರೆ ಆಗಿರಲಿಲ್ಲ. ಅವರ ಕವಿಚರಿತೆಯನ್ನು ನಮ್ಮ ಸಾಹಿತ್ಯಲೋಕ ತಲೆಯ ಮೇಲೆ ಹೊತ್ತುಕೊಂಡಿತು. ಬೇಲೂರಿನ ಪುಸ್ತಕ ಇಂಗ್ಲಿಷಿನಲ್ಲಿ ಇದ್ದುದರಿಂದಲೋ ಏನೋ, ಪಂಡಿತರ ಕಪಾಟಿನಲ್ಲೇ ಉಳಿಯಿತು.

ಈಗ ಗುಡಿಯ ಒಳಕ್ಕೆ ಬರೋಣ. ಬೇಲೂರಿನ ನವರಂಗದ ಮಬ್ಬುಗತ್ತಲೆಯನ್ನು ಮೆಚ್ಚದವರಿಲ್ಲ. ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಕಣ್ಣು ಕತ್ತಲಿಡುತ್ತದೆ. ಬಳಿಕ ಒಂದೊಂದಾಗಿ ಕಂಬಗಳು ಮೂಡುತ್ತವೆ. ಭಕ್ತಿಗೆ ಇದು ತಕ್ಕ ಆವರಣವೆಂದು ನಾವು ಬರೆಯುತ್ತೇವೆ. ಆದರೆ 1117ರಲ್ಲಿ ವಿಷ್ಣುವರ್ಧನ ದೇವರನ್ನು ಪ್ರತಿಷ್ಠಿಸಿದಾಗ ಈ ಕತ್ತಲೆ ಇರಲಿಲ್ಲ. ಆಗ ಈ ಮಂಟಪ ತೆರೆದ ಮಂಟಪ. ಕಂಬಗಳ ನಡುವೆ ಗೋಡೆಯನ್ನೂ ಜಾಲಂಧ್ರಗಳನ್ನೂ ಕೂಡಿಸಿದ್ದು ಅನಂತರ. ಅದು ಇಮ್ಮಡಿ ಬಲ್ಲಾಳನ ಕಾಲದ ಕೆಲಸವೆನ್ನುತ್ತಾರೆ. ಗರ್ಭಗುಡಿಯ ಮೇಲಿದ್ದ ಶಿಖರವೂ ಇಂದು ಇಲ್ಲ. ಶಿಥಿಲವಾಗಿದ್ದ ಅದನ್ನು 19ನೇ ಶತಮಾನದಲ್ಲಿ ಇಳಿಸಿದರು. ಮಹಾದ್ವಾರದ ಗೋಪುರವಾದರೋ ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, 1397ರಲ್ಲಿ, ಮತ್ತೆ ಕಟ್ಟಿದ್ದು. ನಾವು ಇಂದು ನೋಡುತ್ತಿರುವುದು ಹಲವು ಕೈಗಳು ತಿದ್ದಿದ ಪ್ರತಿ. ತಿದ್ದುವಿಕೆ ತಪ್ಪೆಂದು ನಾನು ಹೇಳುವುದಿಲ್ಲ, ಜಾಲಂಧ್ರಗಳಂತೂ ಮನೋಹರವಾಗಿವೆ. ಪೂಜೆ ನಿಲ್ಲದ ಗುಡಿ ಬದಲಾಗದೆ ಇರುವುದೂ ಸಾಧ್ಯವಿಲ್ಲ. ಆದರೆ ಮೂಲಪಾಠ ಹೇಗಿದ್ದೀತೆಂದು ಕೇಳುವುದು ವಿಮರ್ಶಕನ ಕರ್ತವ್ಯ.

ಆ ಪ್ರಶ್ನೆಗೆ ಉತ್ತರ ಬೇಕಾದವರು ಅರಸೀಕೆರೆಗೆ ಹೋಗಬೇಕು.

ಅರಸೀಕೆರೆಯೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ರೈಲು ಬದಲಿಸುವ ಊರು, ತೆಂಗಿನಕಾಯಿ ಕೊಬ್ಬರಿಗಳ ಪೇಟೆ. ಬೆಂಗಳೂರು ಹುಬ್ಬಳ್ಳಿಗಳ ನಡುವೆ ಓಡಾಡುವವರು ಈ ನಿಲ್ದಾಣದಲ್ಲಿ ಕಾಫಿ ಕುಡಿದು ಮುಂದೆ ಸಾಗುತ್ತಾರೆ. ಊರೊಳಗೆ 1220ರ ಒಂದು ಶಿವಾಲಯವಿದೆಯೆಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ ತಿಳಿಯದು. ಚಿಕ್ಕ ಗುಡಿ. ಆದರೆ ಅದರ ಮುಂದಿನ ಮಂಟಪ ಹೊಯ್ಸಳ ವಾಸ್ತುವಿನಲ್ಲೇ ಅಪರೂಪದ್ದು. ಹದಿನಾರು ಮೂಲೆಗಳ ನಕ್ಷತ್ರದಾಕಾರ. ಸುತ್ತಲೂ ಒರಗಿ ಕುಳಿತುಕೊಳ್ಳಲು ಕಲ್ಲಿನ ಕಕ್ಷಾಸನ. ತಿರುಗಣಿಯಲ್ಲಿ ಕಡೆದಂತಹ ಕಂಬಗಳು. ನಡುವೆ ಗುಮ್ಮಟದಂತೆ ಮೇಲೇರುವ ಭುವನೇಶ್ವರಿ. ಗೋಡೆಯಿಲ್ಲ, ಜಾಲಂಧ್ರವಿಲ್ಲ. ಗಾಳಿ ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ. ಅಲ್ಲಿಂದ ಮುಂದಕ್ಕೆ ಮುಚ್ಚಿದ ನವರಂಗ, ಅಲ್ಲಿಂದ ಸುಕನಾಸಿ, ಕೊನೆಗೆ ಗರ್ಭಗುಡಿ. ಒಂದೊಂದು ಹೆಜ್ಜೆಗೂ ಬೆಳಕು ಒಂದೊಂದು ಪಾಲು ಇಳಿಯುತ್ತದೆ. ಊರಿನ ಮಾತುಕತೆಯಿಂದ ದೇವರ ಮೌನದವರೆಗೆ ಇಪ್ಪತ್ತು ಮೂವತ್ತು ಹೆಜ್ಜೆಗಳ ದಾರಿ. ಆ ದಾರಿಯೇ ಗುಡಿಯ ಅರ್ಥ. ಬೇಲೂರಿನ ತೆರೆದ ಮಂಟಪ ಕಳೆದುಕೊಂಡಿರುವುದು ಏನನ್ನು ಎಂಬುದು ಇಲ್ಲಿ ಕುಳಿತಾಗ ತಾನಾಗಿ ತಿಳಿಯುತ್ತದೆ.

ಈ ಗುಡಿಯನ್ನು ನೋಡಿದಾಗಲೆಲ್ಲ ನನಗೆ ಜನ್ನನ ‘ಯಶೋಧರ ಚರಿತೆ’ ನೆನಪಾಗುತ್ತದೆ. ಅದು 1209ರ ಕೃತಿ. ಇದು 1220ರ ಕಟ್ಟಡ. ಇಮ್ಮಡಿ ಬಲ್ಲಾಳನ ಆಳ್ವಿಕೆ ಆ ಕೃತಿ ಹುಟ್ಟಿದ ಕಾಲ. ಅದರ ಕೊನೆಯ ಭಾಗದಲ್ಲಿ ಈ ಕಟ್ಟಡ ಎದ್ದಿತು. ಅದೇ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಆಶ್ರಯದಲ್ಲಿ ರುದ್ರಭಟ್ಟ ‘ಜಗನ್ನಾಥ ವಿಜಯ’ವೆಂಬ ತುಂಬು ಚಂಪುವನ್ನು ಬರೆದ. ಒಂದೇ ಕಾಲ ಎರಡು ಬಗೆಯ ಕಾವ್ಯವನ್ನು ಬೆಳೆಸಿತೆಂದಾಯಿತು. ರುದ್ರಭಟ್ಟನದು ಹಳೇಬೀಡಿನ ಹಾದಿ: ವಿಸ್ತಾರ, ಸಮೃದ್ಧಿ, ಪಾಂಡಿತ್ಯ. ಜನ್ನ ಬಹುಮಟ್ಟಿಗೆ ಕಂದಪದ್ಯಗಳಲ್ಲೇ ಕಥೆಯನ್ನು ಹಿಡಿದಿಟ್ಟ. ಸಣ್ಣ ಅಳತೆಯಲ್ಲಿ ದೊಡ್ಡ ಭಯವನ್ನೂ ಮರುಕವನ್ನೂ ತುಂಬಿದ. ಅವನಿಗೆ ಹತ್ತಿರದ ಗುಡಿ ಅರಸೀಕೆರೆಯದು. ಹೊಯ್ಸಳ ಕಲೆಯೆಂದರೆ ಅಲಂಕಾರದ ಅತಿರೇಕವೆಂದು ತಿಳಿದವರಿಗೆ ಈ ಸಂಕ್ಷೇಪದ ಸೊಬಗು ಒಳ್ಳೆಯ ಉತ್ತರ.

ಇನ್ನು ಆ ಅತಿರೇಕದ ಮಾತು. ಹೊಯ್ಸಳರದು ಅಕ್ಕಸಾಲಿಗನ ಕುಸುರಿ, ಗಂಧದ ಪೆಟ್ಟಿಗೆಯ ಕೆತ್ತನೆ, ವಾಸ್ತುವಲ್ಲ ಎಂಬ ಆಪಾದನೆ ಹಳೆಯದು. ಅದಕ್ಕೆ ಇದಿರಾಗಿ ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲೇ ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನಿನ ಪಕ್ಕದಲ್ಲಿಟ್ಟು, ಇವೆರಡೂ ವಾಸ್ತುಕಲೆಯ ಎರಡು ತುದಿಗಳೆಂದು ವಿವೇಚಿಸಿದ. ಪರದೇಶದ ಪಂಡಿತ ಮೆಚ್ಚಿದನೆಂದು ನಾವು ಹಿಗ್ಗಿದೆವು. ಅವನು ಯಾಕೆ ಹಾಗೆ ಹೇಳಿದನೆಂದು ಗೋಡೆಯ ಮುಂದೆ ನಿಂತು ವಿಚಾರಿಸಲಿಲ್ಲ.

ವಿಚಾರಿಸಿದರೆ ಕುಸುರಿಯ ಹಿಂದಿನ ಕಟ್ಟು ಕಾಣುತ್ತದೆ. 1121ರ ಹೊತ್ತಿಗೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ ತೊಡಗಿಸಿದ ಈ ಗುಡಿ ಜೋಡಿ ಗುಡಿ: ಒಂದು ಹೊಯ್ಸಳೇಶ್ವರ, ಒಂದು ಶಾಂತಲೇಶ್ವರ, ಎರಡಕ್ಕೂ ಬೇರೆ ಬೇರೆ ನಂದಿಮಂಟಪ. ಗೋಡೆಯ ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಅದರ ಮೇಲೆ ರಾಮಾಯಣ, ಭಾರತ, ಭಾಗವತಗಳ ಕಥೆ. ಅದರ ಮೇಲೆ ಮಕರ, ಎಲ್ಲಕ್ಕೂ ಮೇಲೆ ಹಂಸ. ತೂಕದ ಪ್ರಾಣಿ ಕೆಳಗೆ, ಹಾರುವ ಹಕ್ಕಿ ಮೇಲೆ. ನಡುವೆ, ಜಗತಿಯ ಮೇಲೆ ನಿಂತು ಓದಲು ಬರುವಂತೆ, ಮನುಷ್ಯರ ಕಥೆ. ಆನೆಗಳನ್ನು ಎಣಿಸಿ 1248 ಎಂದು ಹೇಳುವವರಿದ್ದಾರೆ. ಎಣಿಕೆಗಿಂತ ಮುಖ್ಯವಾದುದು ಅವು ನಡೆಯುತ್ತಿವೆಯೆಂಬುದು. ಗೋಡೆ ಮುರಿಮುರಿಯಾಗಿ ಮುಂದೆ ಬಂದು ಹಿಂದೆ ಸರಿಯುವಲ್ಲೆಲ್ಲ ಆ ಸಾಲೂ ಮಡಿಚಿಕೊಂಡು ನಡೆಯುತ್ತದೆ. ಪದ್ಯಕ್ಕೆ ಯತಿ ಇದ್ದಂತೆ ಈ ಗೋಡೆಗೆ ಮಡಿಕೆ. ಅಲ್ಲಿ ನೆರಳು ನಿಲ್ಲುತ್ತದೆ, ಕಣ್ಣು ಉಸಿರಾಡುತ್ತದೆ. ಕಥೆಯ ಪಟ್ಟಿಕೆಯನ್ನು ಓದಬೇಕಾದವನು ಪ್ರದಕ್ಷಿಣೆ ಬರಲೇಬೇಕು. ನೋಟವೂ ಸೇವೆಯೂ ಇಲ್ಲಿ ಒಂದೇ ನಡಿಗೆಯಲ್ಲಿ ನಡೆಯುತ್ತವೆ.

ಈ ಸಮೃದ್ಧಿ ಅವರಿಗೆ ಬಂದ ಒಂದೇ ಮಾತಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ ಕೂಗಳತೆಯಲ್ಲೇ ಇದೆ. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಕಟ್ಟಿಸಿದ. ಹೊರಗೋಡೆ ಬಹುಮಟ್ಟಿಗೆ ಬರಿದು. ಒಳಗೆ ನುಣುಪಾದ ಕರಿಯ ಕಂಬಗಳಲ್ಲಿ ನೋಡುವವನ ನೆರಳು ಮೂಡುತ್ತದೆ. ಅವುಗಳಾಚೆ ನಿರಾಭರಣನಾದ ಜಿನ. ಹೊಯ್ಸಳೇಶ್ವರದ ಬಳಿಕ ಇಲ್ಲಿಗೆ ಬಂದವರಿಗೆ ದೊಡ್ಡ ಗದ್ದಲದ ತರುವಾಯ ಕಿವಿಗೆ ಸಿಕ್ಕುವ ಶಾಂತಿ ಸಿಕ್ಕುತ್ತದೆ. ಅರಸೀಕೆರೆಯಲ್ಲೂ ಇದೇ ನೆರೆಹೊರೆ: ಶಿವಾಲಯದ ಕಾಲದಲ್ಲೇ ‘ವಸುಧೈಕಬಾಂಧವ’ನೆಂಬ ಬಿರುದಿನ ರೇಚರಸ ಅಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದ. ಎಲ್ಲಿ ತುಂಬಬೇಕು, ಎಲ್ಲಿ ಬರಿದಾಗಿ ಬಿಡಬೇಕು ಎಂಬ ವಿವೇಕ ಆ ಶಿಲ್ಪಿಗಳಿಗೆ ಇತ್ತು. ಬಸದಿಯನ್ನು ಬಿಟ್ಟು ಹೊಯ್ಸಳೇಶ್ವರವನ್ನು ಮಾತ್ರ ನೋಡಿ ಹೊರಡುವವರು ವಾಕ್ಯದ ಅರ್ಧವನ್ನು ಕೇಳಿ ಎದ್ದುಹೋದಂತೆ.

ಕೊನೆಯದಾಗಿ, ಮತ್ತೆ ನೀರಿಗೆ ಬರುತ್ತೇನೆ. ಹಳೇಬೀಡಿನ ಕೆರೆ ಅಲ್ಲಿಯ ಹೊಯ್ಸಳೇಶ್ವರಕ್ಕಿಂತ ಹಳೆಯದು. ಕೆರೆ ಇದ್ದುದರಿಂದ ಊರು, ಊರು ಇದ್ದುದರಿಂದ ರಾಜಧಾನಿ, ರಾಜಧಾನಿ ಇದ್ದುದರಿಂದ ಗುಡಿ. ಕೆರೆಯ ಕೆಳಗಿನ ಗದ್ದೆಯ ಬೆಳೆಯಿಂದ ದೇವರ ನೈವೇದ್ಯ, ಶಿಲ್ಪಿಯ ಕೂಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಅದನ್ನು ಕೆತ್ತುವ ಕೈಗಳಿಗೆ ತಲೆಮಾರುಗಳ ಕಾಲ ಅನ್ನ ಒದಗಿಸಿದ್ದು ಈ ನೀರು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದಿತು. 1327ರ ಸುಮಾರಿಗೆ ತುಘಲಕನ ದಂಡು ಬಂದಿತು. ರಾಜಧಾನಿ ‘ಹಳೆಯ ಬೀಡು’ ಆಯಿತು. ಅರಮನೆ ಹೋಯಿತು, ಅರಸರು ಹೋದರು. ಕೆರೆಯ ಏರಿ ಉಳಿಯಿತು. ಮಳೆ ಕೈಕೊಟ್ಟ ವರ್ಷ ಆ ಕೆರೆ ಬತ್ತುತ್ತದೆ. ಆಗ ಗುಡಿಯನ್ನು ನೋಡಲು ಬಂದವರು ಕೆರೆಯನ್ನು ಒಂದು ಬಯಲೆಂದು ತಿಳಿದು ಹೋಗುತ್ತಾರೆ. ಗುಡಿಗೆ ಬೇಲಿ ಹಾಕಿ, ಹುಲ್ಲು ಬೆಳೆಸಿ, ಫಲಕ ನೆಡುವುದು ಬೇಕಾದ ಕೆಲಸವೇ. ಆದರೆ ಸಮುದ್ರವಿಲ್ಲದ ದೋರಸಮುದ್ರ ಅರ್ಥ ಕಳೆದುಕೊಂಡ ಶಬ್ದ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳನ್ನು ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕನ್ನಡಿಗರಿಗೆ ಅದು ಸಂತೋಷದ ಸಂಗತಿ. ಪಟ್ಟಿಯೆಂಬುದು ಸ್ವಭಾವದಿಂದಲೇ ಆಯ್ಕೆ. ಅರಸೀಕೆರೆ ಅದರಲ್ಲಿಲ್ಲವೆಂದು ನಾನು ಯಾರ ಮೇಲೂ ದೂರು ಹೇಳುವುದಿಲ್ಲ. ನನ್ನ ಆತಂಕ ಬೇರೆ. ಪಟ್ಟಿ ಬಂದ ಮೇಲೆ ನೋಡುವವರು ಹೆಚ್ಚುತ್ತಾರೆ, ನೋಡುವ ಹೊತ್ತು ಕಡಮೆಯಾಗುತ್ತದೆ. ಅಂಗೈಯಗಲದ ಫೋನಿನಲ್ಲಿ ಒಬ್ಬ ಮದನಿಕೆಯನ್ನು ಹಿಡಿದುಕೊಂಡು ಹೋಗುವುದು ಸುಲಭ. ಮಂಟಪದ ಬೆಳಕನ್ನು ಹಾಗೆ ಹಿಡಿಯಲಾಗದು. ಬಿಡಿ ಪದ್ಯದ ಅಭಿರುಚಿ ಇನ್ನಷ್ಟು ಬೆಳೆದರೆ, ಇಡಿಯ ಕಾವ್ಯವನ್ನು ಓದಬಲ್ಲವರು ನಮ್ಮ ಮಕ್ಕಳಲ್ಲಿ ಉಳಿಯುವರೇ?

ಆದ್ದರಿಂದ ಹೋಗುವವರಿಗೆ ನನ್ನದೊಂದು ಸಲಹೆ. ಮೊದಲು ಅರಸೀಕೆರೆಯಲ್ಲಿ ಇಳಿಯಿರಿ. ಆ ನಕ್ಷತ್ರಮಂಟಪದ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಬಳಿಕ ಬೇಲೂರಿಗೆ ಹೋಗಿ, ಮೊದಲ ಸುತ್ತನ್ನು ದೂರದಿಂದ ಬನ್ನಿ, ಎರಡನೆಯದನ್ನು ಹತ್ತಿರದಿಂದ; ಮದನಿಕೆಯರ ಪೀಠದಲ್ಲಿ ದಾಸೋಜನ ಹೆಸರನ್ನೂ ಚಾವಣನ ಹೆಸರನ್ನೂ ಹುಡುಕಿರಿ. ಹಳೇಬೀಡಿನಲ್ಲಿ ಗುಡಿಗೆ ಹೋಗುವ ಮುನ್ನ ಕೆರೆಯ ಏರಿಯ ಮೇಲೆ ನಿಲ್ಲಿ. ಬಸದಿಯನ್ನು ನೋಡದೆ ಬಸ್ಸು ಹತ್ತಬೇಡಿ. ಇಷ್ಟಕ್ಕೆ ಒಂದು ದಿನ ಸಾಲದು, ಎರಡು ದಿನ ಬೇಕು. ತಲೆಮಾರುಗಳು ಕೆತ್ತಿದ್ದಕ್ಕೆ ಎರಡು ದಿನ ಕೊಡುವುದು ದುಬಾರಿಯೇನಲ್ಲ.